ಬ್ರೂಗೆಲ್‌ನ ಮದುವೆ ಊಟದ ಚಿತ್ರ: ಮೂಡ್, ಸಂಕೇತ ಹೇಗೆ ಹಿಡಿಯೋದು? ಅನುಭವ ಇರೋರು ಹೇಳಿ

ಫ್ಲೆಮಿಶ್ ಚಿತ್ರಕಾರ ಪೀಟರ್ ಬ್ರೂಗೆಲ್‌ನ ‘ರೈತರ ಮದುವೆ’ (ಸುಮಾರು 1567) ಬಗ್ಗೆ ಪ್ರಬಂಧ ಬರೀಬೇಕು. ಎಷ್ಟು ನೋಡಿದ್ರೂ ಜನ ಕೂತು ಉಣ್ತಿದಾರೆ ಅನ್ನೋದು ಬಿಟ್ಟು ಏನೂ ಹೊಳೀತಿಲ್ಲ. ಎಲ್ಲಿಂದ ಶುರು ಮಾಡ್ಲಿ?

– ಕಣ್ಣುಗಳಿಂದ ಶುರು ಮಾಡಿ. ಗುಂಪಿನ ಚಿತ್ರ ಯಾವುದೇ ಇರ್ಲಿ ನಾನು ಮೊದಲು ನೋಡೋದು ಯಾರು ಯಾವ ಕಡೆ ನೋಡ್ತಿದಾರೆ ಅಂತ. ಇಲ್ಲಿ ಬ್ಯಾಗ್‌ಪೈಪ್ (ಗಾಳಿಚೀಲ ಇರೋ ಊದುವಾದ್ಯ) ಹಿಡಿದು ಇಬ್ಬರು ನಿಂತಿದಾರಲ್ಲ, ಅದ್ರಲ್ಲೊಬ್ಬನ ನೋಟ ಪೂರ್ತಿ ಬರ್ತಿರೋ ಗಂಜಿ ಬಟ್ಟಲುಗಳ ಮೇಲೇ ಇದೆ, ವಾದ್ಯ ಕಂಕುಳಲ್ಲಿದೆ ಆದ್ರೆ ಜೀವ ಊಟದಲ್ಲಿದೆ, ಆ ಮುಖ ಝೂಮ್ ಮಾಡಿ ನೋಡಿ ಹಸಿವು ಅಂದ್ರೆ ಏನು ಅಂತ ಗೊತ್ತಾಗುತ್ತೆ. ಮದುಮಗಳು ನೋಡಿದ್ರೆ ಹಸಿರು ಬಟ್ಟೆ ಮುಂದೆ, ತೂಗಿಬಿಟ್ಟ ಕಿರೀಟದ ಕೆಳಗೆ, ಕಣ್ಣು ಇಳಿಸಿ ಕೈ ಕಟ್ಕೊಂಡು ಕೂತಿದಾಳೆ, ತಿಂತಾನೂ ಇಲ್ಲ. ಅಷ್ಟು ಗದ್ದಲದಲ್ಲಿ ಅವಳೊಬ್ಬಳೇ ಅಲುಗಾಡ್ತಿಲ್ಲ. ಮೂಡ್ ಇರೋದು ಈ ಎರಡರ ನಡುವೆ.

– ಸಂಕೇತ ಹುಡುಕೋ ಮುಂಚೆ ವಸ್ತುಗಳು ಅಲ್ಲಿ ಏನು ಕೆಲಸ ಮಾಡ್ತಿವೆ ಅಂತ ಬರೀರಿ. ಬಟ್ಟಲು ಹೊತ್ತು ತರ್ತಿರೋ ಹಲಗೆ ಕೀಲಿಂದ ಕಿತ್ತ ಬಾಗಿಲು! ಜಾಗ ಕಣಜ, ಹಿಂದೆ ಒಟ್ಟಿರೋದು ಹುಲ್ಲು, ಮೇಲೆ ಕುಂಟೆಗೆ ಸಿಕ್ಕಿಸಿದ ಎರಡು ತೆನೆಕಟ್ಟು, ಅಂದ್ರೆ ಸುಗ್ಗಿ ಮುಗಿದಿದೆ, ಕೈ ಬಿಡುವಾಗಿದೆ. ಇದು ಹೊಟ್ಟೆಬಾಕತನದ ಟೀಕೆ ಅಂತ ಓದೋರಿದಾರೆ, ನಾನಂತೂ ಒಪ್ಪಲ್ಲ, ಬಟ್ಟಲಲ್ಲಿರೋದು ಬರೀ ಗಂಜಿ. ಮುಂದೆ ನವಿಲುಗರಿ ಟೋಪಿಯ ಮಗು ತಟ್ಟೆ ಬಳಿದು ಬೆರಳು ಚೀಪ್ತಿದೆ, ಅದನ್ನ ಹೊಟ್ಟೆಬಾಕತನದ ಪಾಪ ಅನ್ನೋಕೆ ಮನಸ್ಸು ಬರುತ್ತಾ?

– ಮೇಲಿನವ್ರ ಮಾತು ಸರಿ, ಜೊತೆಗೆ ಅವನದೇ ‘ರೈತರ ಕುಣಿತ’ ಪಕ್ಕಕ್ಕಿಟ್ಟು ನೋಡಿ, ಎರಡೂ ವಿಯೆನ್ನಾದ ಒಂದೇ ಮ್ಯೂಸಿಯಂನಲ್ಲಿವೆ. ಅಲ್ಲಿ ಮರಕ್ಕೆ ಮೇರಿಯ ಚಿತ್ರ ತಗುಲಿಸಿದೆ, ಹಿಂದೆ ಚರ್ಚ್ ಇದೆ, ಒಬ್ಬರೂ ಆ ಕಡೆ ತಿರುಗಿಲ್ಲ. ಅಲ್ಲಿ ನೀತಿಯ ಅರ್ಥ ಹೇಳಿದ್ರೆ ಆಧಾರ ಸಿಗುತ್ತೆ, ಮದುವೆ ಚಿತ್ರದಲ್ಲಿ ಅಷ್ಟು ಗಟ್ಟಿಯಾಗಿ ಸಿಗಲ್ಲ.

ಆಮೇಲೆ ಮದುಮಗ ಯಾರು ಅಂತ ವಿದ್ವಾಂಸರಲ್ಲೇ ಇನ್ನೂ ಒಮ್ಮತ ಇಲ್ಲ. ನಿಮಗೆ ಯಾರು ಅನ್ಸುತ್ತೋ ಕಾರಣ ಕೊಟ್ಟು ಬರೀರಿ, ಅದಕ್ಕೇ ಒಂದು ಪ್ಯಾರಾ ಇಡಿ.