‘ಡೆಮರೇಜ್’ ಎಂದರೆ ಬರೀ ವಿಳಂಬ ಶುಲ್ಕವೇ?

ಪ್ರಶ್ನೆ: ನವಿ ಮುಂಬೈ ಬಳಿಯ ಕಳಂಬೋಲಿಯ ಕನ್ನಡಿಗ ಲಾರಿ ಮಾಲೀಕರಿಗಾಗಿ ಒಂದು ಕರಾರುಪತ್ರವನ್ನು ಕನ್ನಡಕ್ಕೆ ತರುತ್ತಿದ್ದೇನೆ. ಅದರಲ್ಲಿ ‘ಡೆಮರೇಜ್’, ‘ಡಿಟೆನ್ಷನ್’ ಎರಡೂ ಬಂದಿವೆ. ಎರಡಕ್ಕೂ ‘ವಿಳಂಬ ಶುಲ್ಕ’ ಎಂದು ಹಾಕಿದರೆ ನಡೆದೀತೆ?

ಉತ್ತರ: ನಡೆಯದು ಸರ್. ವಿಳಂಬ ಶುಲ್ಕ ಅಂದೊಡನೆ ಲೈಟ್ ಬಿಲ್ಲು ತಡವಾಗಿ ಕಟ್ಟಿದ್ದು ನೆನಪಾಗುತ್ತದೆ. ಇಲ್ಲಿ ತಡವಾದದ್ದು ಹಣವಲ್ಲ, ಸರಕು.

‘ಡೆಮರೇಜ್’ ಪದದ ಬೇರು ‘ತಂಗು, ತಡಮಾಡು’ ಎಂಬರ್ಥದ ಹಳೆಯ ಫ್ರೆಂಚ್ ಕ್ರಿಯಾಪದ. ‘ಡಿಮರ್’ ಅದರದೇ ಕವಲು; ಇಂಗ್ಲಿಷಿನಲ್ಲಿ ಅದೀಗ ತಕರಾರು ಎತ್ತುವುದಕ್ಕೆ ನಿಂತಿದೆ. ಡ್ಯಾಮೇಜ್‌ಗೂ ಇದಕ್ಕೂ ನಂಟಿಲ್ಲ.

ಮೂಲ ಬಳಕೆ ಬಾಡಿಗೆ ಹಡಗಿನದು. 6,000 ಟನ್ ಯೂರಿಯಾ, ದಿನಕ್ಕೆ 1,500 ಟನ್ ಇಳಿಸುವ ಕರಾರು ಎಂದುಕೊಳ್ಳಿ. ಸಿಕ್ಕ ಅವಧಿ 4 ದಿನ, ಇದೇ ‘ಲೇಟೈಮ್’. ಇಳಿಸಲು 7 ದಿನ ಹಿಡಿದರೆ ಹೆಚ್ಚಿನ 3 ದಿನಕ್ಕೆ ಹಡಗಿನವರಿಗೆ ಕೊಡಬೇಕಾದ ಹಣವೇ ಡೆಮರೇಜ್. ದಿನಕ್ಕೆ 8 ಲಕ್ಷ ರೂಪಾಯಿ ಎಂದು ಬರೆದಿದ್ದರೆ 24 ಲಕ್ಷ. ಮೂರೇ ದಿನದಲ್ಲಿ ಮುಗಿಸಿದರೆ ಹಡಗಿನವರೇ ತಿರುಗಿ ಕೊಡುವ ‘ಡಿಸ್ಪ್ಯಾಚ್’ ಹಣವೂ ಉಂಟು, ಸಾಮಾನ್ಯವಾಗಿ ಅರ್ಧ ದರದಲ್ಲಿ.

ಮುಂಬೈಯವರು ಎಡವುವುದು ಮಳೆಗಾಲದಲ್ಲಿ. ಹವಾಮಾನದ ವಿನಾಯಿತಿ ಬರೆದಿದ್ದರೆ, ಮಳೆಗೆ ಹ್ಯಾಚ್ (ಹಡಗಿನ ಸರಕು ಕೋಣೆಯ ಬಾಯಿ) ಮುಚ್ಚಿದ ಹೊತ್ತು ಲೇಟೈಮ್‌ನಲ್ಲಿ ಸೇರುವುದಿಲ್ಲ. ಆದರೆ ಲೇಟೈಮ್ ತೀರಿ ಡೆಮರೇಜ್ ಶುರುವಾದ ಮೇಲೆ, ಕರಾರಿನಲ್ಲಿ ಬೇರೆ ಮಾತಿಲ್ಲದಿದ್ದರೆ, ಮಳೆಯೂ ಭಾನುವಾರವೂ ಲೆಕ್ಕಕ್ಕೆ ಬರುತ್ತವೆ.

ಇದನ್ನು ‘ದಂಡ’ ಎನ್ನುವುದೂ ತಪ್ಪು. ಮೊದಲೇ ಒಪ್ಪಿ ಬರೆದುಕೊಂಡ ನಷ್ಟಭರ್ತಿ ಇದು.

ನಿಮ್ಮ ಕರಾರು ಕಂಟೇನರಿನದ್ದೇ ಇರಬೇಕು. ನವಿ ಮುಂಬೈ ಬಳಿಯ ನ್ಹಾವಾ ಶೇವಾ ಬಂದರಿನಲ್ಲಿ ಇಳಿದ ತುಂಬಿದ ಡಬ್ಬ (ಕಂಟೇನರ್), ಬಿಟ್ಟಿ ದಿನಗಳು ಮುಗಿದ ಮೇಲೂ ಟರ್ಮಿನಲ್ಲಿನೊಳಗೇ ಕೂತಿದ್ದರೆ ಡೆಮರೇಜ್. ಗೇಟು ದಾಟಿ ಹೊರಬಂದ ಡಬ್ಬ ಖಾಲಿಯಾಗಿ ಹಡಗು ಕಂಪನಿ ಹೇಳಿದ ಯಾರ್ಡಿಗೆ ಹೊತ್ತಿಗೆ ಮರಳದಿದ್ದರೆ ಡಿಟೆನ್ಷನ್. ಕೆಲವು ಹಡಗು ಕಂಪನಿಗಳು ಎರಡನ್ನೂ ಒಟ್ಟುಗೂಡಿಸುತ್ತವೆ. ಹಾಗಾಗಿ ಬಿಲ್ಲಿನಲ್ಲಿ ಗೇಟ್-ಔಟ್ ತಾರೀಕು ನೋಡಿ, ಆಮೇಲೆ ಪದ ಆರಿಸಿ. ಲಾರಿಯನ್ನೇ ಗೋದಾಮಿನೆದುರು ಕಾಯಿಸಿದ್ದಕ್ಕೆ ಚಾಲಕರು ಕೇಳುವ ‘ಹಾಲ್ಟಿಂಗ್’ ಬೇರೆಯದೇ ಬಾಬ್ತು.

ರೈಲ್ವೆಯಲ್ಲೂ ಇಂಥದೇ ಜೋಡಿ ಇದೆ: ವ್ಯಾಗನ್ ತಡೆದರೆ ಡೆಮರೇಜ್, ಇಳಿಸಿದ ಮಾಲು ಗೂಡ್ಸ್ ಶೆಡ್ಡಿನಲ್ಲೇ ಬಿದ್ದಿದ್ದರೆ ವಾರ್ಫೇಜ್.

ನನ್ನ ಸಲಹೆ: ಎರಡೂ ಪದಗಳನ್ನು ಹಾಗೇ ಇಟ್ಟು, ಮೊದಲ ಸಲ ಬಂದಲ್ಲಿ ‘ಬಂದರಿನೊಳಗೆ ತಂಗಿದ ಬಾಡಿಗೆ’, ‘ಖಾಲಿ ಡಬ್ಬ ತಡೆದ ಬಾಡಿಗೆ’ ಎಂದು ಬಿಡಿಸಿ ಬರೆಯಿರಿ.