ಎಚ್‌ಟಿಟಿಪಿ/2 ಸರ್ವರ್ ಯಾವ ಫ್ರೇಮ್ ಮೊದಲು ಕಳಿಸುತ್ತೆ ಅಂತ ಟೆಸ್ಟ್ ಮಾಡೋದು ಹೇಗೆ?

ಪ್ರಶ್ನೆ (ಮೈಸೂರು):
ಮೇಡಂ ನಮಸ್ಕಾರ. ಹೆಬ್ಬಾಳದ ಕಡೆ ಐದು ಜನರ ಟೀಮು ನಮ್ದು, ಒಂದು ವೆಬ್ ಸರ್ವರ್ ನಾವೇ ಸಿ ನಲ್ಲಿ ಬರೀತಿದೀವಿ, ಎಚ್‌ಟಿಟಿಪಿ/2 (ಒಂದೇ ಕನೆಕ್ಷನ್ನಲ್ಲಿ ಹಲವು ಫೈಲನ್ನ ಫ್ರೇಮ್ ಅನ್ನೋ ತುಂಡು ಮಾಡಿ ಕಳಿಸೋ ವೆಬ್ ಪ್ರೋಟೋಕಾಲ್) ಭಾಗ ನನಗೆ ಬಂದಿದೆ. ಒಂದೇ ಕನೆಕ್ಷನ್ನಲ್ಲಿ ಒಂದು ದೊಡ್ಡ ಫೋಟೋನೂ ಒಂದು ಸಿಎಸ್ಎಸ್ ಫೈಲೂ ಕೇಳಿದ್ರೆ ಸಿಎಸ್ಎಸ್ ಮೊದಲು ಹೋಗ್ಬೇಕು, ಅದಕ್ಕೆ ಪ್ರಯಾರಿಟಿ ಹೆಡರಲ್ಲಿ ಸಿಎಸ್ಎಸ್‌ಗೆ ಅರ್ಜೆನ್ಸಿ 1, ಫೋಟೋಗೆ 5 ಅಂತ ಕೊಡ್ತೀನಿ (ಅಂಕಿ ಚಿಕ್ಕದಾದಷ್ಟೂ ಹೆಚ್ಚು ಅರ್ಜೆಂಟ್). ಲೋಕಲ್‌ಹೋಸ್ಟಲ್ಲೇ ಎರಡೂ ರಿಕ್ವೆಸ್ಟ್ ಹಿಂದೆಹಿಂದೆ ಕಳಿಸಿ ಯಾವುದು ಮೊದಲು ಮುಗೀತು ಅಂತ ಟೈಮ್ ನೋಡ್ತೀನಿ. ಇಪ್ಪತ್ತು ಸಲ ಓಡಿಸಿದ್ರೆ ಆರೇಳು ಸಲ ಫೋಟೋನೇ ಮೊದಲು ಬರುತ್ತೆ. ಮಧ್ಯ ಸ್ಲೀಪ್ ಹಾಕಿದೆ, ನನ್ ಮಿಷಿನ್ನಲ್ಲಿ ಪಾಸು, ಪಕ್ಕದವರ ಮಿಷಿನ್ನಲ್ಲಿ ಫೇಲು. ಷೆಡ್ಯೂಲರ್ (ಮುಂದೆ ಯಾವ ಫ್ರೇಮ್ ಹೋಗ್ಬೇಕು ಅಂತ ತೀರ್ಮಾನಿಸೋ ಭಾಗ) ತಪ್ಪಾ ಟೆಸ್ಟ್ ತಪ್ಪಾ ಅಂತ ಒಂದು ವಾರದಿಂದ ಒದ್ದಾಡ್ತಿದೀನಿ.

ಉತ್ತರ:
ಮೊದಲು ಆ ಸ್ಲೀಪ್ ತೆಗೀರಿ. ನಿಮ್ ಷೆಡ್ಯೂಲರ್ ಸರಿ ಇದ್ರೂ ಈ ಟೆಸ್ಟ್ ಫೇಲ್ ಆಗುತ್ತೆ. ಫೋಟೋ ರಿಕ್ವೆಸ್ಟ್ ಒಂದು ಕೂದಲೆಳೆ ಮುಂಚೆ ಬಂತು ಅನ್ಕೊಳಿ, ಆ ಗಳಿಗೇಲಿ ಷೆಡ್ಯೂಲರ್ ಕೈಲಿರೋದು ಫೋಟೋ ಒಂದೇ, ಅದನ್ನೇ ಕಳಿಸ್ತು, ಅದರಲ್ಲಿ ತಪ್ಪೇನಿದೆ?

ನಾನು ಮಂಡ್ಯದವಳು, ನಮ್ಮಪ್ಪನ ಗದ್ದೆ ವಿಸಿ ನಾಲೆ ಬಯಲಲ್ಲಿ, ಅದರ ಲೆಕ್ಕದಲ್ಲೇ ಹೇಳ್ತೀನಿ. ನೀರಗಂಟಿ ಯಾರ ಗದ್ದೆಗೆ ಮೊದಲು ಬಿಡ್ತಾನೆ ಅಂತ ನೋಡ್ಬೇಕಾದ್ರೆ ತೂಬು ಮುಚ್ಚಿರ್ಬೇಕು, ನಾಲ್ಕು ಜನ ಬದು ಮೇಲೆ ಕಾಯ್ತಾ ನಿಂತಿರ್ಬೇಕು, ಆಮೇಲೆ ತೂಬು ಎತ್ಬೇಕು. ಒಬ್ಬನೇ ನಿಂತಿದ್ದಾಗ ಅವನಿಗೆ ಬಿಟ್ಟ ಅನ್ನೋದರಿಂದ ಏನೂ ಗೊತ್ತಾಗಲ್ಲ.

ಎಚ್‌ಟಿಟಿಪಿ/2ರಲ್ಲಿ ತೂಬು ಅಂದ್ರೆ ಫ್ಲೋ ಕಂಟ್ರೋಲ್ ವಿಂಡೋ (ಸರ್ವರ್ ಇನ್ನೆಷ್ಟು ಬೈಟ್ ಕಳಿಸ್ಬಹುದು ಅನ್ನೋ ಮಿತಿ), ಅದು ಕ್ಲೈಂಟ್ ಕೈಲಿರುತ್ತೆ. ನಿಮ್ ಟೆಸ್ಟ್ ಕ್ಲೈಂಟು ಕಳಿಸೋ ಮೊದಲ ಸೆಟ್ಟಿಂಗ್ಸ್ ಫ್ರೇಮಲ್ಲೇ ಇನಿಷಿಯಲ್ ವಿಂಡೋ ಸೈಜ್ 0 ಅಂತ ಹಾಕಿ, ಅದರ ಹಿಂದೇನೇ ಎಲ್ಲಾ ರಿಕ್ವೆಸ್ಟ್ ಕಳಿಸಿ. ಫ್ಲೋ ಕಂಟ್ರೋಲ್ ಇರೋದು ಡೇಟಾ ಫ್ರೇಮಿಗೆ ಮಾತ್ರ, ಅದಕ್ಕೇ ಹೆಡರ್ಸ್ ಫ್ರೇಮ್‌ಗಳೆಲ್ಲ ಬಂದ್ಬಿಡುತ್ತೆ, ಡೇಟಾ ಒಂದು ಬೈಟೂ ಬರಲ್ಲ. ಎಲ್ಲಾ ಸ್ಟ್ರೀಮಿನ (ಒಂದು ರಿಕ್ವೆಸ್ಟು, ಅದರ ಉತ್ತರ ಸೇರಿ ಒಂದು ಸ್ಟ್ರೀಮ್) ಹೆಡರ್ಸ್ ಬಂತಾ ನೋಡ್ಕೊಂಡು ಎರಡನೇ ಸೆಟ್ಟಿಂಗ್ಸ್ ಕಳಿಸಿ, ಈ ಸಲ ಸೈಜ್ 10 ಲಕ್ಷ ಬೈಟ್ ಅಂತ ಹಾಕಿ. ಈ ಸೆಟ್ಟಿಂಗು ಬದಲಾದ್ರೆ ಆಗಲೇ ತೆರೆದಿರೋ ಎಲ್ಲಾ ಸ್ಟ್ರೀಮಿನ ವಿಂಡೋನೂ ಒಟ್ಟಿಗೇ ಬದಲಾಗ್ಬೇಕು ಅಂತ ನಿಯಮಾನೇ ಇದೆ, ಅಂದ್ರೆ ಒಂದೇ ಏಟಿಗೆ ಎಲ್ಲಾ ತೂಬೂ ಎದ್ದೇಳುತ್ತೆ. ಒಂದೊಂದು ಸ್ಟ್ರೀಮಿಗೆ ಬೇರೆಬೇರೆ ವಿಂಡೋ ಅಪ್‌ಡೇಟ್ ಕಳಿಸಿದ್ರೆ ಮತ್ತೆ ಹಳೇ ಕಥೆ, ಮೊದಲು ತೆರೆದವನೇ ಮೊದಲು ಓಡ್ತಾನೆ.

ಕನೆಕ್ಷನ್ ವಿಂಡೋ ಬೇರೆ ಇರುತ್ತೆ, ಅದು 65,535ರಿಂದ ಶುರು, ಸೆಟ್ಟಿಂಗ್ಸಿಂದ ಬದಲಾಗಲ್ಲ. ಸ್ಟ್ರೀಮ್ 0ಗೆ ವಿಂಡೋ ಅಪ್‌ಡೇಟ್ ಕಳಿಸಿ ಮುಂಚೇನೇ ದೊಡ್ಡದು ಮಾಡ್ಕೊಳಿ, ಇಲ್ದಿದ್ರೆ 16,384 ಬೈಟಿನ ಮೂರು ಫ್ರೇಮು, 16,383ರ ಒಂದು ಫ್ರೇಮು ಬಂದು ಅಲ್ಲಿಗೇ ನಿಂತೋಗುತ್ತೆ. ಆಮೇಲೆ ಟೈಮ್ ನೋಡೋದು ಬಿಟ್ಬಿಡಿ. ಪ್ರತಿ ಫ್ರೇಮಿನ ಮುಂದೆ 9 ಬೈಟಿನ ಹೆಡರ್ ಇರುತ್ತಲ್ಲ, ಕೊನೇ 4 ಬೈಟಲ್ಲಿ ಸ್ಟ್ರೀಮ್ ಐಡಿ ಇದೆ, ಅದನ್ನ ಬಂದ ಕ್ರಮದಲ್ಲಿ ಬರ್ಕೊಳಿ ಸಾಕು. ಫೈಲು ಮೆಮೊರೀಲೇ ಇರ್ಲಿ, ಡಿಸ್ಕಿನ ತಡ ಇದರೊಳಗೆ ಸೇರೋದು ಬೇಡ.

ಕೇಳಿದವರು:
ಮೇಡಂ ತುಂಬಾ ಥ್ಯಾಂಕ್ಸ್, ರಾತ್ರಿನೇ ಮಾಡ್ದೆ, 200ಕ್ಕೆ 200 ಪಾಸು! ಆದ್ರೆ ಇನ್ನೊಂದು ಕಡೆ ಸಿಕ್ಕಾಕೊಂಡಿದೀನಿ. ಫೋಟೋ ಅರ್ಧ ಹೋಗಿರುವಾಗ ಸಿಎಸ್ಎಸ್ ಕೇಳಿದ್ರೆ ತಕ್ಷಣ ಫೋಟೋ ನಿಲ್ಲಿಸಿ ಸಿಎಸ್ಎಸ್ ಕಳಿಸ್ಬೇಕಲ್ವಾ, ಲಾಗ್ ನೋಡಿದ್ರೆ ಷೆಡ್ಯೂಲರ್ ಹಾಗೇ ಮಾಡಿದೆ, ಆದ್ರೆ ಕ್ಲೈಂಟಿಗೆ ಫೋಟೋದ ನೂರಾರು ಕೆಬಿ ಬಂದಾದ್ಮೇಲೆ ಸಿಎಸ್ಎಸ್ ಬರುತ್ತೆ.

ಉತ್ತರ:
ನಾಲೆಗೆ ಬಿಟ್ಟಾದ ನೀರನ್ನ ವಾಪಸ್ ಕರೆಯೋಕಾಗಲ್ಲ ಕಣಪ್ಪ. ರೈಟ್ ಮಾಡಿದ ಡೇಟಾ ಕರ್ನಲ್ಲಿನ ಸೆಂಡ್ ಬಫರಲ್ಲಿ ಕೂತಿದೆ, ಟಿಸಿಪಿ ಅದನ್ನ ಅದೇ ಕ್ರಮದಲ್ಲೇ ಕಳಿಸ್ಬೇಕು. ಲಿನಕ್ಸಲ್ಲಿ ಟಿಸಿಪಿ ನಾಟ್‌ಸೆಂಟ್ ಲೋವಾಟ್ ಅಂತ ಸಾಕೆಟ್ ಆಪ್ಷನ್ ಇದೆ, 16 ಕೆಬಿಯಿಂದ ಶುರು ಮಾಡಿ ನೋಡಿ. ಇನ್ನೂ ಕಳಿಸದೇ ಇರೋ ಡೇಟಾ ಆ ಮಿತಿಗಿಂತ ಕೆಳಗಿಳಿಯೋವರೆಗೂ ಸಾಕೆಟ್ ರೈಟಬಲ್ ಅಂತ ಇಪೋಲ್ (ಯಾವ ಸಾಕೆಟ್ ರೆಡಿ ಇದೆ ಅಂತ ತಿಳಿಸೋ ಲಿನಕ್ಸ್ ಸೌಲಭ್ಯ) ಹೇಳಲ್ಲ, ಹಾಗಾಗಿ ಯಾವ ಫ್ರೇಮ್ ಅನ್ನೋ ತೀರ್ಮಾನ ಆದಷ್ಟೂ ಕೊನೇ ಗಳಿಗೇಲಿ ಆಗುತ್ತೆ. ನೀವೂ ಅದಕ್ಕೆ ಸಹಕರಿಸ್ಬೇಕು, ರೈಟಬಲ್ ಅಂದ ತಕ್ಷಣ ಒಂದು ಎಂಬಿ ಸುರಿದ್ಬಿಟ್ರೆ ಆಪ್ಷನ್ ಹಾಕಿಯೂ ಪ್ರಯೋಜನ ಇಲ್ಲ. ಇದನ್ನ ಬರೀ ಲೋಕಲ್‌ಹೋಸ್ಟಲ್ಲಿ ಅಳೀಬೇಡಿ, ಅಲ್ಲಿ ಬಫರ್ ಕಣ್ಮುಚ್ಚಿ ತೆಗೆಯೋದ್ರೊಳಗೆ ಖಾಲಿ ಆಗುತ್ತೆ. ನೆಟೆಮ್ (ಬೇಕಂತಲೇ ನೆಟ್ವರ್ಕ್ ನಿಧಾನ ಮಾಡೋ ಲಿನಕ್ಸ್ ಸೌಲಭ್ಯ) ಹಾಕಿ ಸ್ಪೀಡ್ 2 ಎಂಬಿಪಿಎಸ್‌ಗೆ ಇಳಿಸಿ, ತಡ 50 ಮಿಲಿಸೆಕೆಂಡ್ ಕೊಡಿ, ಲೂಪ್‌ಬ್ಯಾಕಲ್ಲಿ ಅದು ಹೋಗೋಕೂ ಬರೋಕೂ ಬೀಳೋದ್ರಿಂದ ಒಟ್ಟು 100 ಆಗುತ್ತೆ.

ಗುಂಪಿನ ಇನ್ನೊಬ್ಬರು:
ಸಾಕೆಟ್ಟೇ ಇಲ್ದೆ ಷೆಡ್ಯೂಲರ್ ಒಂದನ್ನೇ ಟೆಸ್ಟ್ ಮಾಡೋಕಾಗಲ್ವಾ ಮೇಡಂ? ಎಚ್2ಸ್ಪೆಕ್ ಅನ್ನೋ ರೆಡಿಮೇಡ್ ಟೆಸ್ಟ್ ಟೂಲ್ ಓಡಿಸಿದ್ರೆ ಸಾಲ್ದಾ?

ಉತ್ತರ:
ಎಚ್2ಸ್ಪೆಕ್ ನೋಡೋದು ಪ್ರೋಟೋಕಾಲ್ ನಿಯಮ ಪಾಲಿಸ್ತಿದೀರಾ ಅಂತ, ಪ್ರಯಾರಿಟಿ ಪ್ರಕಾರ ಹೋಗ್ತಿದೆಯಾ ಅಂತ ಅಲ್ಲ. ಸಾಕೆಟ್ ಇಲ್ದೆ ಮಾಡೋದು ತುಂಬಾ ಒಳ್ಳೇದು, ಗೋ ಭಾಷೆಯ ಎಚ್‌ಟಿಟಿಪಿ/2 ಲೈಬ್ರರೀಲಿ ಷೆಡ್ಯೂಲರನ್ನ ಹಾಗೇ ಬೇರೆ ಇಟ್ಟಿದಾರೆ, ಫ್ರೇಮನ್ನ ಪುಶ್ ಮಾಡು, ಪಾಪ್ ಮಾಡಿದಾಗ ಯಾವುದು ಬಂತು ನೋಡು, ಅಷ್ಟೇ. ಸಾವಿರ ರೀತಿ ಜೋಡಣೆ ಒಂದು ಸೆಕೆಂಡಲ್ಲಿ ಓಡಿಸ್ಬಹುದು. ಆದ್ರೆ ಇದೇ ಕ್ರಮ ಬರ್ಬೇಕು ಅಂತ ಗಟ್ಟಿ ಬರೀಬೇಡಿ, ಯಾವುದು ಎಂದಿಗೂ ಆಗ್ಬಾರ್ದು ಅಂತ ಬರೀರಿ. ಹೆಚ್ಚು ಅರ್ಜೆಂಟ್ ಇರೋ ಸ್ಟ್ರೀಮಿಗೆ ಡೇಟಾನೂ ಇದೆ ವಿಂಡೋನೂ ಇದೆ, ಆದ್ರೂ ಕಮ್ಮಿ ಅರ್ಜೆಂಟಿಂದು ಹೋಯ್ತು ಅಂದ್ರೆ ತಪ್ಪು. ಅರ್ಜೆಂಟಿಂದು ವಿಂಡೋ ಮುಗಿದು ನಿಂತಿದೆ ಅಂತ ಉಳಿದವರೂ ಕಾಯ್ತಾ ಕೂತ್ರೆ ಅದೂ ತಪ್ಪು. ಪಿಂಗ್ ಆಕ್, ಸೆಟ್ಟಿಂಗ್ಸ್ ಆಕ್ (ಅವು ಬಂತು ಅಂತ ಹೇಳೋ ಉತ್ತರದ ಫ್ರೇಮು) ಫೋಟೋ ಹಿಂದೆ ಕ್ಯೂ ನಿಲ್ಬಾರ್ದು.

ಎಲ್ಲಕ್ಕಿಂತ ಜಾಸ್ತಿ ಕಾಡೋದು ಹೆಡರ್ಸ್ ಫ್ರೇಮು, ನಾನೇ ಇದರಲ್ಲಿ ಮೂರು ದಿನ ಕಳೆದಿದೀನಿ. ಹೆಚ್‌ಪ್ಯಾಕ್ (ಹೆಡರ್ ಕುಗ್ಗಿಸೋ ವಿಧಾನ) ಟೇಬಲ್ ಇಡೀ ಕನೆಕ್ಷನ್ನಿಗೆ ಒಂದೇ. ಹೆಡರನ್ನ ಮೊದಲೇ ಎನ್‌ಕೋಡ್ ಮಾಡಿ ಕ್ಯೂಗೆ ಹಾಕಿ, ಆಮೇಲೆ ಷೆಡ್ಯೂಲರ್ ಅದನ್ನ ಹಿಂದೆಮುಂದೆ ಮಾಡ್ತು ಅಂದ್ರೆ ಆ ಕಡೆ ಟೇಬಲ್ ಲೆಕ್ಕ ತಪ್ಪಿ ಒಂದು ಹೆಡರಿನ ಜಾಗದಲ್ಲಿ ಇನ್ನೊಂದು ಕಾಣುತ್ತೆ. ಕೆಲವು ಸಲ ಎರರ್ ಕೂಡ ಬರಲ್ಲ, ತಪ್ಪು ಬೆಲೇನೇ ಸರಿ ಅನ್ಕೊಂಡು ತಗೊಳತ್ತೆ. ಅದಕ್ಕೇ ಕಳಿಸೋ ಗಳಿಗೇಲೇ ಎನ್‌ಕೋಡ್ ಮಾಡಿ. ಹೆಡರ್ಸ್ ಉದ್ದ ಆಗಿ ಕಂಟಿನ್ಯುಯೇಷನ್ ಫ್ರೇಮ್ ಬೇಕಾದ್ರೆ ಅವೆರಡರ ಮಧ್ಯ ಪಿಂಗೂ ತೂರ್ಬಾರ್ದು.

ಇನ್ನೊಬ್ಬರು (ಮಂಡ್ಯ):
ಹಳೇ ಪ್ರಯಾರಿಟಿ ಪದ್ಧತಿಯ ವೆಯ್ಟು, ಡಿಪೆಂಡೆನ್ಸಿ ಟ್ರೀ ಅವೆಲ್ಲ ಟೆಸ್ಟ್ ಮಾಡ್ಬೇಕಾ?

ಉತ್ತರ:
ಬೇಡ. ಅದು 2015ರ ಆರ್‌ಎಫ್‌ಸಿ 7540ಯದ್ದು (ಆರ್‌ಎಫ್‌ಸಿ ಅಂದ್ರೆ ಇಂಟರ್ನೆಟ್ ನಿಯಮಗಳ ದಾಖಲೆ), 2022ರ ಆರ್‌ಎಫ್‌ಸಿ 9113ರಲ್ಲಿ ಕೈಬಿಟ್ರು. ಈಗ 9218 ನೋಡಿ, ಅರ್ಜೆನ್ಸಿ 0ಯಿಂದ 7, ಹೇಳ್ದಿದ್ರೆ 3, ಜೊತೆಗೆ ಇನ್‌ಕ್ರಿಮೆಂಟಲ್ (ಬಂದಷ್ಟನ್ನ ಬಂದ ಹಾಗೇ ಬಳಸ್ಬಹುದಾ) ಹೌದೋ ಅಲ್ವೋ. ಆದ್ರೆ ಹಳೇ ಕ್ಲೈಂಟ್ ಪ್ರಯಾರಿಟಿ ಫ್ರೇಮ್ ಕಳಿಸಿದ್ರೆ ಸರ್ವರ್ ಬೀಳ್ಬಾರ್ದು, 5 ಬೈಟ್ ಇರ್ಬೇಕಾದ ಜಾಗದಲ್ಲಿ 4 ಇಟ್ಟು ಕಳಿಸಿ ನೋಡಿ.

ಕೇಳಿದವರು:
ಮೇಡಂ, ನೀವು ಹೇಳಿದ ವಿಂಡೋ ಮುಗಿದ ಟೆಸ್ಟ್ ಬರ್ದೆ, ಸರ್ವರ್ ಅಲ್ಲೇ ನಿಂತೋಯ್ತು. ಕ್ಯೂನ ತಲೆ ಮಾತ್ರ ನೋಡಿ ವಿಂಡೋ ಇಲ್ಲ ಅಂದ್ರೆ ವಾಪಸ್ ಬರ್ತಿದ್ದೆ, ಮುಂದಿನದಕ್ಕೆ ಹೋಗ್ತಾನೇ ಇರ್ಲಿಲ್ಲ. ಸರಿ ಮಾಡ್ದೆ. ಇನ್ನೇನಾದ್ರೂ ಬಿಟ್ಟಿದೀನಾ?

ಉತ್ತರ:
ಅದು ಸಿಕ್ಕಿದ್ದು ನಿಜವಾಗ್ಲೂ ಖುಷಿ ಆಯ್ತು. ಇನ್ನೊಂದಿದೆ, ಫೋಟೋ ಮಧ್ಯದಲ್ಲಿ ಆರ್‌ಎಸ್‌ಟಿ ಸ್ಟ್ರೀಮ್ (ಈ ಸ್ಟ್ರೀಮ್ ರದ್ದು ಅನ್ನೋ ಫ್ರೇಮ್) ಕಳಿಸಿ. ಸರ್ವರ್ ಅದನ್ನ ಓದಿದ್ಮೇಲೆ ಆ ಸ್ಟ್ರೀಮಿನ ಒಂದು ಡೇಟಾನೂ ಕ್ಯೂನಿಂದ ಹೊರಗೆ ಬರ್ಬಾರ್ದು, ದಾರೀಲಿದ್ದದ್ದು ಮಾತ್ರ ನಿಮ್ ಕ್ಲೈಂಟಿಗೆ ಬರುತ್ತೆ. ಹಾಗೆ ಬಂದಿದ್ದನ್ನ ಎಸೆದ್ರೂ ಕನೆಕ್ಷನ್ ವಿಂಡೋ ಲೆಕ್ಕಕ್ಕೆ ಸೇರಿಸ್ಕೊಳಿ, ಇಲ್ಲಾಂದ್ರೆ ನೂರನೇ ರೌಂಡಿಗೆ ಟೆಸ್ಟ್ ನಿಂತೋಗಿ ಮತ್ತೆ ಸರ್ವರ್ ಮೇಲೇ ಅನುಮಾನ ಪಡ್ತೀರಿ.