ಬ್ಯಾಸ್ಕೆಟ್‌ಬಾಲ್ ಆಡುವ ಮಗನಿಗೆ ಊಟ, ಕಸರತ್ತು ಹೇಗೆ? ಅನುಭವ ಇರುವವರು ಹೇಳಿ

ತುಮಕೂರಿನ ಅಮ್ಮ
ಎಲ್ಲರಿಗೂ ನಮಸ್ಕಾರ. ಮಗನಿಗೆ 17 ವರ್ಷ. ಎತ್ತರ 6 ಅಡಿ 2 ಅಂಗುಲ, ತೂಕ 63 ಕೆ.ಜಿ. ಎರಡನೇ ಪಿಯುಸಿ. ಬೆಳಿಗ್ಗೆ ಓಟ, ಸಂಜೆ 5ಕ್ಕೆ ಕೋರ್ಟ್. ಬೆಂಗಳೂರಿನ ಕ್ಯಾಂಪ್‌ಗೆ ಹೋಗಬೇಕಾದರೆ ಮೈ ತುಂಬಿಕೊಳ್ಳಬೇಕು, ಪ್ರೊಫೆಷನಲ್ ಆಟಗಾರರ ಹಾಗೆ ತಿನ್ನಬೇಕು ಎಂದು ಕೋಚ್ ಹೇಳಿದ್ದಾರೆ. ನಮ್ಮ ಮನೆಯಲ್ಲಿ ಮೊಟ್ಟೆಯೂ ತರುವುದಿಲ್ಲ. ಅಂಗಡಿಯವರು ತೂಕ ಹೆಚ್ಚಿಸುವ 3 ಕೆ.ಜಿ. ಡಬ್ಬ ತೋರಿಸಿದರು. ತೆಗೆದುಕೊಳ್ಳಲಾ? ಸಂಜೆ ಆಟಕ್ಕೆ ಮುಂಚೆ ಏನು ಕೊಡಲಿ?

ಹಳೇ ಪಾಯಿಂಟ್ ಗಾರ್ಡ್, ತಿಪಟೂರು
ಅಕ್ಕಾ, ಆ ಡಬ್ಬ ಬೇಡ. ನಾನು ಅದೇ ತಿಂದು ಹಾಳಾದವನು. ಪೂರ್ತಿ ಹೇಳುತ್ತೇನೆ, ಕೇಳಿ.

ಯೂನಿವರ್ಸಿಟಿ ಸೆಲೆಕ್ಷನ್‌ಗೆ ಐದು ತಿಂಗಳು ಇತ್ತು. ಒಂದು ಡಬ್ಬ 2,850 ರೂಪಾಯಿ. ಐದು ಡಬ್ಬ ತಿಂದೆ, 14,250 ಆಯಿತು. ಅಪ್ಪ ಕೊಬ್ಬರಿ ಮಾರಿ ತಂದ ದುಡ್ಡು ಅದು. 7 ಕೆ.ಜಿ. ಏರಿತು, ನಿಜ. ಆದರೆ ಏರಿದ್ದೆಲ್ಲ ಹೊಟ್ಟೆಗೆ. ಗೋಡೆಗೆ ಸೀಮೆಸುಣ್ಣದಲ್ಲಿ ಗುರುತು ಹಾಕಿ ಜಂಪ್ ಅಳೆಯುತ್ತಿದ್ದೆ. 26 ಅಂಗುಲ ಇದ್ದದ್ದು 23ಕ್ಕೆ ಬಂತು. ಆಮೇಲೆ ಡಬ್ಬದ ಹಿಂದೆ ಓದಿದೆ. 100 ಗ್ರಾಂ ಪುಡಿಯಲ್ಲಿ ಪ್ರೋಟೀನ್ 15 ಗ್ರಾಂ. ಉಳಿದದ್ದು ಹೆಚ್ಚುಕಮ್ಮಿ ಎಲ್ಲ ಸಕ್ಕರೆ ಜಾತಿಯ ಹಿಟ್ಟು.

ಆ ತೂಕ ಹೊತ್ತು ಸಿಮೆಂಟ್ ಕೋರ್ಟ್‌ನಲ್ಲಿ ಹಾರಿ ಹಾರಿ ಮೊಣಕಾಲು ಚಿಪ್ಪಿನ ಕೆಳಗೆ ನೋವು ಶುರುವಾಯಿತು. ಎಂಆರ್‌ಐ 6,500. ಫಿಸಿಯೋ 22 ದಿನ, ದಿನಕ್ಕೆ 400, ಅಂದರೆ 8,800. ಎಲ್ಲ ಸೇರಿ 29,550. ಚೀಟಿ ಇನ್ನೂ ಇಟ್ಟಿದ್ದೇನೆ. ಸೆಲೆಕ್ಷನ್ ದಿನ ನಾನು ಬೆಂಚ್ ಹಿಂದೆ ನಿಂತು ನೀರಿನ ಬಾಟಲಿ ಕೊಡುತ್ತಿದ್ದೆ.

ಮಾಲೂರಿನ ಅಣ್ಣ
ಡಬ್ಬದ ಮಾತೇ ಬೇಡ ಸ್ವಾಮಿ. ನಮ್ಮ ಕೋಲಾರ ಜಿಲ್ಲೆಯಲ್ಲಿ ರಾಗಿ ಇದೆ, ಹಾಲು ಇದೆ, ಇನ್ನೇನು ಬೇಕು? ನನ್ನ ತಮ್ಮ ಬ್ಯಾಸ್ಕೆಟ್‌ಬಾಲ್‌ನಲ್ಲಿ ಸೆಂಟರ್ ಜಾಗದಲ್ಲಿ ಆಡಿದವನು. ಎತ್ತರ 6 ಅಡಿ 4. ಡೇರಿಗೆ ಹಾಕುವ ಮುಂಚೆ ಒಂದು ಲೀಟರ್ ಹಾಲು ಅವನಿಗೆ ಎತ್ತಿಡುತ್ತಿದ್ದೆವು. ಅದರಲ್ಲೇ 32 ಗ್ರಾಂ ಪ್ರೋಟೀನ್. ನಾಲ್ಕು ಮೊಟ್ಟೆ, ಅದರಲ್ಲಿ 24. ಒಂದು ಹಿಡಿ ಕಡಲೆಕಾಯಿ. ಎರಡು ಹೊತ್ತು ಮುದ್ದೆ. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗಿಂತ ಜಾಸ್ತಿ ಕ್ಯಾಲ್ಸಿಯಂ ಇದೆ. ಯಾವ ಅಕ್ಕಿಯಲ್ಲಿದೆ ಅದು? ಎರಡು ವರ್ಷದಲ್ಲಿ 66ರಿಂದ 79 ಕೆ.ಜಿ. ಆದ. ಒಂದು ಮೂಳೆ ಮುರಿಯಲಿಲ್ಲ.

ದೊಡ್ಡ ಆಟಗಾರರೂ ಏನು ತಿನ್ನುತ್ತಾರೆ ಅಂದುಕೊಂಡಿದ್ದೀರಿ? 2007ರಲ್ಲಿ ಅಮೆರಿಕದ ಆಟಗಾರ ಕೆವಿನ್ ಗಾರ್ನೆಟ್ ಅಲ್ಲಿನ ಬಾಸ್ಟನ್ ಸೆಲ್ಟಿಕ್ಸ್ ತಂಡಕ್ಕೆ ಬಂದಾಗ ಪಂದ್ಯಕ್ಕೆ ಮುಂಚೆ ಕಡಲೆಕಾಯಿ ಬೆಣ್ಣೆ, ಜಾಮ್ ಹಚ್ಚಿದ ಬ್ರೆಡ್ ತಿನ್ನುವುದು ರೂಢಿಯಾಯಿತು. ಆ ಸೀಸನ್ ಕಪ್ ಅವರದ್ದೇ. ಆಮೇಲೆ ಬೇರೆ ತಂಡದವರಿಗೂ ಅದೇ ಚಟ. ಕಡಲೆಕಾಯಿ ನಮ್ಮಲ್ಲಿ ಕಮ್ಮಿಯಾ? ಪಾವಗಡದ ಕಡೆ ಹೋಗಿ ನೋಡಿ.

ಜೆರ್ಸಿ ನಂಬರ್ 9, ಶಿಡ್ಲಘಟ್ಟ
ಅಣ್ಣಾ, ಆಟದ ದಿನ ಮುದ್ದೆ ಬೇಡ. ನನಗೆ ಆಗಿದ್ದು ಹೇಳುತ್ತೇನೆ. ಮಧ್ಯಾಹ್ನ ಒಂದೂವರೆಗೆ ಮುದ್ದೆ ಬಸ್ಸಾರು ಉಂಡೆ. 3ಕ್ಕೆ ಪಂದ್ಯ. ಎರಡನೇ ಕ್ವಾರ್ಟರ್‌ನಲ್ಲಿ ಕೋರ್ಟ್ ಪಕ್ಕದಲ್ಲೇ ವಾಂತಿ. ಅಷ್ಟು ನಾರು ಇರುವ ಊಟ ಕರಗಲು ಹೊತ್ತು ಬೇಕು. ಆಮೇಲೆ ನಾನು ಬದಲಾಯಿಸಿದೆ. ಪಂದ್ಯಕ್ಕೆ ಮೂರು ಗಂಟೆ ಮುಂಚೆ ಅನ್ನ, ತಿಳಿಸಾರು, ಸ್ವಲ್ಪ ಮೊಸರು. ಮುಕ್ಕಾಲು ಗಂಟೆ ಮುಂಚೆ ಎರಡು ಬಾಳೆಹಣ್ಣು. ಮುದ್ದೆ ರಾತ್ರಿಗೆ.

ಆದರೆ ನಾನು ಬಂದಿದ್ದು ಬೇರೆ ಮಾತು ಹೇಳಲು. ಎಲ್ಲರೂ ಜಾಸ್ತಿ ತಿನ್ನೋದರ ಬಗ್ಗೆ ಮಾತಾಡುತ್ತೀರಿ. ನಾನು ಕಮ್ಮಿ ತಿಂದು ಕೆಟ್ಟವಳು. ಹಗುರ ಇದ್ದರೆ ವೇಗ ಬರುತ್ತದೆ ಎಂದು ಯಾರೋ ಹೇಳಿದರು. ಬೆಳಿಗ್ಗೆ ಬರೀ ಕಾಫಿ. ಭಾನುವಾರ ನಂದಿ ಬೆಟ್ಟದ ಮೆಟ್ಟಿಲು ಓಡಿ ಹತ್ತಿ ಓಡಿ ಇಳಿಯುವುದು, ಹತ್ತು ವಾರ. ನಾಲ್ಕು ತಿಂಗಳು ಮುಟ್ಟು ನಿಂತಿತು. ಮನೆಯಲ್ಲಿ ಹೇಳಲಿಲ್ಲ. ಆಮೇಲೆ ಮೊಣಕಾಲಿನ ಕೆಳಗೆ ಮುಂಭಾಗದ ಮೂಳೆಯಲ್ಲಿ ಕೂದಲೆಳೆ ಬಿರುಕು. ರಕ್ತ ಪರೀಕ್ಷೆ ಮಾಡಿದರೆ ಹಿಮೋಗ್ಲೋಬಿನ್ 9.6, ಫೆರಿಟಿನ್ (ಮೈಯಲ್ಲಿ ಕೂಡಿಟ್ಟ ಕಬ್ಬಿಣದ ಲೆಕ್ಕ) 8. ಎರಡೂ ಕಮ್ಮಿ. ಡಾಕ್ಟರ್ ಒಂದೇ ಮಾತು ಕೇಳಿದರು, ಇಷ್ಟು ಓಡುವವಳು ಇಷ್ಟೇನಾ ತಿನ್ನೋದು ಎಂದು. ಎಂಟು ವಾರ ಕಾಲು ಊರಲಿಲ್ಲ. ಆ ವರ್ಷ ರಾಜ್ಯ ತಂಡದ ಟ್ರಯಲ್ಸ್ ಹೋಯಿತು. ಮುಂದಿನ ವರ್ಷ ನನಗೆ ವಯಸ್ಸು ದಾಟಿತ್ತು.

ಮಾಲೂರಿನ ಅಣ್ಣ
ಮುದ್ದೆ ಅಗಿದು ತಿಂದಿರಬೇಕು ನೀವು. ನುಂಗಬೇಕು. ನನ್ನ ತಮ್ಮ ಮುದ್ದೆ ತಿಂದೇ ಫೈನಲ್ ಆಡಿದ, 22 ಪಾಯಿಂಟ್. ಒಬ್ಬರಿಗೆ ಹೊಟ್ಟೆ ಕೆಟ್ಟರೆ ರಾಗಿಯನ್ನು ಯಾಕೆ ಬೈಯಬೇಕು?

ಜೆರ್ಸಿ ನಂಬರ್ 9, ಶಿಡ್ಲಘಟ್ಟ
ಮುದ್ದೆ ನುಂಗೋದನ್ನ ನನಗೆ ಕಲಿಸಬೇಡಿ. ಮೂರು ವರ್ಷದ ಮಗುವಾಗಿದ್ದಾಗಿನಿಂದ ನುಂಗಿದ್ದೇನೆ. ಸೆಂಟರ್ ಬಾಸ್ಕೆಟ್ ಕೆಳಗೆ ನಿಂತು ಆಡಬಹುದು. ನಾನು ಗಾರ್ಡ್. 28 ಮೀಟರ್ ಕೋರ್ಟ್ ಆ ತುದಿಯಿಂದ ಈ ತುದಿಗೆ ಓಡುವವಳು. ನಿಮ್ಮ ತಮ್ಮ ಆಡಿದ್ದು, ನೀವು ನೋಡಿದ್ದು. ನಾನು ಆಡಿದ್ದೇನೆ.

ಗುಬ್ಬಿ ಸಸ್ಯಾಹಾರಿ
ಅಮ್ಮಾ, ನಾನೂ ಮೊಟ್ಟೆ ತಿನ್ನದ ಮನೆಯವನೇ. ತೂಕ ಹೆಚ್ಚಿಸುವ ಡಬ್ಬ ಬೇರೆ, ಹಾಲಿನಿಂದ ತೆಗೆದ ವ್ಹೇ ಪ್ರೋಟೀನ್ ಬೇರೆ. ತಿಪಟೂರಿನವರು ಎರಡನ್ನೂ ಒಂದೇ ಚೀಲಕ್ಕೆ ಹಾಕಿಬಿಟ್ಟರು. ಆಟಗಾರರಿಗೆ ದಿನಕ್ಕೆ ಪ್ರತಿ ಕೆ.ಜಿ. ತೂಕಕ್ಕೆ 1.2ರಿಂದ 2 ಗ್ರಾಂ ಪ್ರೋಟೀನ್ ಎನ್ನುತ್ತಾರೆ. 63 ಕೆ.ಜಿ. ಹುಡುಗನಿಗೆ 1.6ರಂತೆ ಹಿಡಿದರೂ 100 ಗ್ರಾಂ. ಬೇಳೆ ಸಾರಿನಲ್ಲಿ ಅಷ್ಟು ಹೊಂದಿಸಿ ನೋಡಿ, ಕಷ್ಟ ಗೊತ್ತಾಗುತ್ತದೆ.

ನಾನು ಮೊದಲು ಸೋಯಾ ತಿಂದೆ. ದಿನಾ 80 ಗ್ರಾಂ, ಮೂರು ವಾರ. ಹೊಟ್ಟೆ ಉಬ್ಬರಿಸಿ ರಾತ್ರಿ ನಿದ್ದೆ ಇಲ್ಲ. ಆಮೇಲೆ ಪನೀರ್. ದಿನಕ್ಕೆ 200 ಗ್ರಾಂ ಅಂದರೆ ತಿಂಗಳಿಗೆ 2,400 ರೂಪಾಯಿ ಆಗುತ್ತಿತ್ತು, ಹೆಂಡತಿ ಲೆಕ್ಕ ಬರೆದಿಟ್ಟಿದ್ದಾಳೆ. ಕೊನೆಗೆ ವ್ಹೇ. ಕೆ.ಜಿ.ಗೆ 2,700, 30 ಚಮಚ, ಅಂದರೆ ಚಮಚಕ್ಕೆ 90 ರೂಪಾಯಿ, 24 ಗ್ರಾಂ ಪ್ರೋಟೀನ್. 38ನೇ ವಯಸ್ಸಿನಲ್ಲೂ ಹುಡುಗರ ಜೊತೆ ಪೂರ್ತಿ 40 ನಿಮಿಷ ಆಡುತ್ತೇನೆ. ಮಾಂಸ ಬಿಟ್ಟರೆ ಆಟ ಹೋಗುತ್ತದೆ ಎನ್ನುವವರಿಗೆ ಕ್ರಿಸ್ ಪಾಲ್ ತೋರಿಸಿ. 2019ರಲ್ಲಿ ಬರೀ ಸಸ್ಯಾಹಾರಕ್ಕೆ ಬಂದ, 2021ರಲ್ಲಿ 36ನೇ ವಯಸ್ಸಿನಲ್ಲಿ ಎನ್‌ಬಿಎ (ಅಮೆರಿಕದ ದೊಡ್ಡ ಬ್ಯಾಸ್ಕೆಟ್‌ಬಾಲ್ ಲೀಗ್) ಫೈನಲ್ಸ್ ಆಡಿದ.

ಹಳೇ ಪಾಯಿಂಟ್ ಗಾರ್ಡ್, ತಿಪಟೂರು
ಯಾವ ಕಂಪನಿ ಏಜೆಂಟ್ ರೀ ನೀವು? 17 ವರ್ಷದ ಹುಡುಗನ ಅಮ್ಮನಿಗೆ ಪುಡಿ ದರ ಹೇಳುತ್ತೀರಾ? ಸತ್ನಾಮ್ ಸಿಂಗ್ ವಿಷಯ ಗೊತ್ತಾ? ಎನ್‌ಬಿಎ ಡ್ರಾಫ್ಟ್‌ನಲ್ಲಿ, ಅಂದರೆ ತಂಡಗಳು ಹೊಸ ಆಟಗಾರರನ್ನು ಆರಿಸಿಕೊಳ್ಳುವಾಗ, ಆಯ್ಕೆಯಾದ ಮೊದಲ ಭಾರತೀಯ, 2015ರಲ್ಲಿ. ಅಂಥವರಿಗೇ 2020ರಲ್ಲಿ ಎರಡು ವರ್ಷ ನಿಷೇಧ ಬಂತು. ಪರೀಕ್ಷೆಯಲ್ಲಿ ಸಿಕ್ಕಿದ್ದು ಹೈಜೆನಮೈನ್, ಆಟಗಾರರಿಗೆ ನಿಷೇಧಿಸಿದ್ದು. ಕೆಲವು ಪುಡಿಗಳಲ್ಲಿ ಇರುವ ವಸ್ತು ಅದು. ನಮ್ಮ ಹುಡುಗರು ಕೊಳ್ಳುವ ಡಬ್ಬದಲ್ಲಿ ಏನಿದೆ ಎಂದು ಯಾರು ನೋಡಿದ್ದಾರೆ?

ಗುಬ್ಬಿ ಸಸ್ಯಾಹಾರಿ
ಏಜೆಂಟ್ ಅನ್ನೋ ಮಾತು ವಾಪಸ್ ತೆಗೆದುಕೊಳ್ಳಿ. ನನಗೆ ಅಡಿಕೆ ತೋಟ ಇದೆ, ಪುಡಿ ಮಾರುವ ಗತಿ ಬಂದಿಲ್ಲ. ನೀವು ಲೇಬಲ್ ಓದದೆ ಐದು ಡಬ್ಬ ತಿಂದಿರಿ. ಅದಕ್ಕೆ ನಾನು ಹೊಣೆಯಾ?

ಹಳೇ ಪಾಯಿಂಟ್ ಗಾರ್ಡ್, ತಿಪಟೂರು
ಆಗ ನನಗೆ 19. ಓದಿ ಎಂದು ಹೇಳುವವರು ಯಾರೂ ಇರಲಿಲ್ಲ. ಅದಕ್ಕೇ ಈಗ ಹೇಳುತ್ತಿದ್ದೇನೆ. ಏಜೆಂಟ್ ಅಂದಿದ್ದು ತಪ್ಪು, ಬಿಡಿ. ಪುಡಿ ವಿಷಯದಲ್ಲಿ ನನ್ನ ಮಾತು ಬದಲಾಗಲ್ಲ.

ತುಮಕೂರಿನ ಅಮ್ಮ
ದಯವಿಟ್ಟು ಜಗಳ ಬೇಡ. ಡಬ್ಬ ತರುವುದಿಲ್ಲ. ಸಂಜೆ ಏನು ಕೊಡಲಿ ಎಂದು ಯಾರಾದರೂ ಹೇಳಿ. ಕಾಲೇಜಿನಿಂದ 4ಕ್ಕೆ ಬರುತ್ತಾನೆ. ರಾತ್ರಿ 12ರವರೆಗೆ ಓದುತ್ತಾನೆ, 5ಕ್ಕೆ ಏಳುತ್ತಾನೆ.

ಜೆರ್ಸಿ ನಂಬರ್ 9, ಶಿಡ್ಲಘಟ್ಟ
ಅಮ್ಮಾ, ಐದೇ ಗಂಟೆ ನಿದ್ದೆಯಾ? ಊಟಕ್ಕಿಂತ ಮೊದಲು ಅದನ್ನು ಸರಿ ಮಾಡಿ. ಸ್ಟ್ಯಾನ್‌ಫರ್ಡ್‌ನಲ್ಲಿ 11 ಬ್ಯಾಸ್ಕೆಟ್‌ಬಾಲ್ ಹುಡುಗರನ್ನು ದಿನಾ 10 ಗಂಟೆ ಹಾಸಿಗೆಯಲ್ಲಿ ಇರಿಸಿ ನೋಡಿದರು. 2011ರಲ್ಲಿ ಅದರ ವರದಿ ಬಂತು. ಫ್ರೀ ಥ್ರೋ ಶೇಕಡಾ 9ರಷ್ಟು ಸುಧಾರಿಸಿತು. ಓಟವೂ 16.2 ಸೆಕೆಂಡಿನಿಂದ 15.5ಕ್ಕೆ ಇಳಿಯಿತು. ಪರೀಕ್ಷೆ ಮುಗಿಯುವವರೆಗೆ ಬೆಳಗಿನ ಓಟ ಬಿಡಿಸಿ. ಸಂಜೆಯ ಆಟದಲ್ಲಿ ಓಟ ಬೇಕಾದಷ್ಟಿದೆ.

4ಕ್ಕೆ ಮೊಸರವಲಕ್ಕಿ, ಬಾಳೆಹಣ್ಣು. ಎಣ್ಣೆ ತಿಂಡಿ ಬೇಡ. ಆಟದ ಮುಂಚೆ, ಆಮೇಲೆ ತೂಕ ನೋಡಿ. ಒಂದು ಕೆ.ಜಿ. ಕಮ್ಮಿ ಆಗಿದ್ದರೆ ನಿಧಾನವಾಗಿ ಒಂದೂವರೆ ಲೀಟರ್‌ವರೆಗೆ ಉಪ್ಪು ಹಾಕಿದ ಮಜ್ಜಿಗೆ, ನೀರು. ಮನೆಗೆ ಬಂದ ತಕ್ಷಣ ಹಾಲು, ಹುರಿಗಡಲೆ. ಆಮೇಲೆ ಊಟ.

ಮತ್ತೆ ಕಣಕಾಲು, ಸೊಂಟದ ಕಸರತ್ತು ಬಿಡಬೇಡಿ. ಎನ್‌ಬಿಎ ಆಟಗಾರ ಸ್ಟೆಫ್ ಕರ್ರಿಗೆ 2011, 2012ರಲ್ಲಿ ಎರಡು ಸಲ ಕಣಕಾಲಿನ ಆಪರೇಷನ್ ಆಯಿತು. ಆಮೇಲೆ ಸೊಂಟದ ಬಲ ಹೆಚ್ಚಿಸಿಕೊಂಡೇ ಅವನು ನಿಂತಿದ್ದು. ಒಂಟಿ ಕಾಲಿನಲ್ಲಿ ನಿಲ್ಲುವುದು, ಒಂಟಿ ಕಾಲಿನ ಬಸ್ಕಿ, ದಿನಾ 15 ನಿಮಿಷ. ಕಾಸು ಖರ್ಚಿಲ್ಲ.

ಮಾಲೂರಿನ ಅಣ್ಣ
ಇಷ್ಟೆಲ್ಲ ಹೇಳಿದಿರಿ, ರಾಗಿ ಒಂದು ಸಲ ಬರಲಿಲ್ಲ. ಹಾಲಿಗೆ ರಾಗಿ ಹುರಿಹಿಟ್ಟು ಬೆಲ್ಲ ಕಲಸಿ ಕೊಡಬಾರದಾ?

ಜೆರ್ಸಿ ನಂಬರ್ 9, ಶಿಡ್ಲಘಟ್ಟ
ಆಟ ಮುಗಿದ ಮೇಲೆ ಕೊಡಲಿ ಅಣ್ಣಾ. ಹುರಿಹಿಟ್ಟು ನಮ್ಮ ಮನೆಯಲ್ಲೂ ಇದೆ.

ಮಾಲೂರಿನ ಅಣ್ಣ
ಮುಂಚೆ ಕೊಟ್ಟರೂ ಏನೂ ಆಗಲ್ಲ. ನನ್ನ ತಮ್ಮನನ್ನೇ ಕೇಳಿ ಬರೆಯುತ್ತೇನೆ, ಇರಿ.